ಬಾಗಿಲು ತೆರೆದರೂ ಓಡದ ಗಾಡಿ

ಕಾರಿನ ಕೀ ಕಳೆದುಕೊಂಡವರ ಮೊದಲ ಚಿಂತೆ ಬಾಗಿಲಿನದು. ಆದರೆ ಈಗಿನ ಕಾರುಗಳಲ್ಲಿ ಬಾಗಿಲು ತೆರೆಯುವುದು ತೊಂದರೆಯ ಸಣ್ಣ ಭಾಗ. ಬಾಗಿಲು ಹೇಗೋ ತೆರೆದೀತು, ಸೀಟಿನಲ್ಲಿ ಕೂತೂ ಆದೀತು. ಎಂಜಿನ್ ಮಾತ್ರ ಮಾಲೀಕನನ್ನು ಗುರುತಿಸುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆ ಎಂಬುದು ಗಾಡಿಗೆ ಗೊತ್ತಿಲ್ಲ, ಸರಿಯಾದ ಚಿಪ್ ಯಾರ ಕೈಯಲ್ಲಿದೆ ಎಂಬುದಷ್ಟೇ ಗೊತ್ತು. ಆ ಚಿಪ್‌ನ ಗುಟ್ಟು ದುಡ್ಡು ಕೊಟ್ಟು ಕೊಂಡವನ ಬಳಿ ಇರುವುದಿಲ್ಲ, ಮಾರಿದ ಕಂಪನಿಯ ಬಳಿ ಇರುತ್ತದೆ. ಕೀ ಕಳೆದಾಗ ನಾವು ನಮ್ಮ ಮರೆವನ್ನೇ ಬೈದುಕೊಳ್ಳುತ್ತೇವೆ. ಆದರೆ ಮರೆವಿನಿಂದ ಆಗುವ ನಷ್ಟ ಒಂದು ಪಾಲಾದರೆ, ಆ ಗುಟ್ಟು ನಮ್ಮಿಂದ ದೂರದಲ್ಲಿ ಕೂತಿರುವುದರಿಂದ ಆಗುವ ನಷ್ಟ ಹಲವು ಪಾಲು. ಮರೆವನ್ನು ಯಾರೂ ತಡೆಯಲಾರರು, ಈ ದೂರವನ್ನು ಮಾತ್ರ ಖಂಡಿತ ಕಡಿಮೆ ಮಾಡಬಹುದು.

ವೇಮಗಲ್‌ನಲ್ಲಿ ನಿಂತು ನೋಡಿದರೆ ಈ ದೂರ ಎದ್ದು ಕಾಣುತ್ತದೆ. ಕೋಲಾರ ತಾಲ್ಲೂಕಿನ ಈ ಹೋಬಳಿ ಕೇಂದ್ರ ಈಗ ಪಕ್ಕದ ಕುರುಗಲ್ ಜತೆ ಸೇರಿ ಪಟ್ಟಣ ಪಂಚಾಯಿತಿಯಾಗಿದೆ. 2024ರ ಏಪ್ರಿಲ್‌ನಲ್ಲಿ ಸ್ಪೇಸ್‌ಎಕ್ಸ್ ರಾಕೆಟ್ ಏರಿ ಕಕ್ಷೆ ಸೇರಿದ ಟಿಸ್ಯಾಟ್-1ಎ ಉಪಗ್ರಹವನ್ನು ಜೋಡಿಸಿದ್ದು ಇಲ್ಲಿನ ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್ ಘಟಕದಲ್ಲಿ. ಏರ್‌ಬಸ್‌ನ ಎಚ್125 ಹೆಲಿಕಾಪ್ಟರ್‌ಗಳ ಜೋಡಣೆಗೂ ಇದೇ ಊರನ್ನು ಆರಿಸಿಕೊಂಡಿದ್ದಾರೆ. ಅತ್ತ ನರಸಾಪುರದಲ್ಲಿ ಹೋಂಡಾ ಕಂಪನಿ 2013ರಿಂದ ದ್ವಿಚಕ್ರ ವಾಹನ ತಯಾರಿಸುತ್ತಿದೆ. ಇಷ್ಟೊಂದು ನುರಿತ ಕೈಗಳಿರುವ ನೆಲದಲ್ಲಿ ಒಬ್ಬ ರೈತನ ಪಿಕಪ್ ಗಾಡಿಯ ಕೀ ಕಳೆದರೆ ಅದನ್ನು ಓಡುವಂತೆ ಮಾಡಲು ಗಾಡಿಯನ್ನೇ ಟೋ ಮಾಡಿಸಿಕೊಂಡು ಕಂಪನಿಯ ವರ್ಕ್‌ಶಾಪಿಗೆ ಹೋಗಬೇಕಾಗುತ್ತದೆ. ಗಾಡಿಯಲ್ಲಿ ಕೋಲಾರದ ಎಪಿಎಂಸಿಗೆ ಹೊರಟ ಟೊಮೆಟೊ ಕ್ರೇಟುಗಳಿದ್ದರೆ, ಶ್ರೀನಿವಾಸಪುರದ ಮಂಡಿಗೆ ಹೊರಟ ಮಾವಿದ್ದರೆ, ಒಂದು ದಿನದ ತಡ ಎಂದರೆ ಆ ಹೊತ್ತಿನ ಹರಾಜಿನ ದರ ಕೈತಪ್ಪಿದಂತೆ. ಕೀ ಕಳೆಯುವುದು ಉಳ್ಳವರ ಸಣ್ಣ ತಾಪತ್ರಯ ಎಂದುಕೊಳ್ಳುವವರು ಈ ಲೆಕ್ಕವನ್ನೂ ಹಾಕಬೇಕು.

ಅಂಬಾಸಿಡರ್ ಮತ್ತು ಮೊದಮೊದಲ ಮಾರುತಿ 800 ಗಾಡಿಗಳ ಕಾಲದಲ್ಲಿ ಕೀ ಎಂದರೆ ಹಲ್ಲು ಕೊರೆದ ಲೋಹದ ತುಂಡು, ಅಷ್ಟೇ. ಬಸ್‌ಸ್ಟ್ಯಾಂಡ್ ಪಕ್ಕ ಕೊಡೆ ನೆಟ್ಟು ಅರ ಹಿಡಿದು ಕೂರುವ ಕೀ ಮಾಡುವವನು ಬೀಗದೊಳಗೆ ಖಾಲಿ ಕೀ ತೂರಿಸಿ, ತಿರುಗಿಸಿ, ಅದರ ಮೇಲೆ ಮೂಡಿದ ಗೀರು ನೋಡಿಕೊಂಡು ಹಲ್ಲು ಉಜ್ಜುತ್ತಿದ್ದ. ಗಂಟೆಯೊಳಗೆ ಗಾಡಿ ಹೊರಡುತ್ತಿತ್ತು. ಅದೇ ಸುಲಭ ಕಳ್ಳನಿಗೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಹಾಗಾಗಿ ಇಮೊಬಿಲೈಸರ್ ಬಂತು. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತ ಇರುವ ತಂತಿಯ ಸುರುಳಿ, ಸಾಮಾನ್ಯವಾಗಿ 125 ಕಿಲೋಹರ್ಟ್ಜ್ ಆವರ್ತನದಲ್ಲಿ, ರೇಡಿಯೊ ಅಲೆ ಹೊಮ್ಮಿಸಿ ಚಿಪ್‌ಗೆ ಶಕ್ತಿಯನ್ನೂ ಕೊಡುತ್ತದೆ, ಪ್ರಶ್ನೆಯನ್ನೂ ಕೇಳುತ್ತದೆ. ಉತ್ತರ ಸರಿಬಂದರೆ ಮಾತ್ರ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಂಧನ ಬಿಡುತ್ತದೆ. ಇಲ್ಲದಿದ್ದರೆ ಎಂಜಿನ್ ಏಳುವುದೇ ಇಲ್ಲ, ಎದ್ದರೂ ಒಂದೆರಡು ಕ್ಷಣದಲ್ಲಿ ನಿಲ್ಲುತ್ತದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ನೆದರ್ಲೆಂಡ್ಸ್‌ನ ಅಂಕಿಅಂಶ ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 1995ರಿಂದ 2008ರ ನಡುವೆ ಕಾರು ಕಳ್ಳತನ ಇದರಿಂದಲೇ ಸುಮಾರು ಶೇ 40ರಷ್ಟು ಇಳಿಯಿತು. ಇದಿಲ್ಲದೆ ಮಾರಾಟವಾದ ಕಿಯಾ ಮತ್ತು ಹ್ಯುಂಡೈ ಕಾರುಗಳನ್ನು ಅಮೆರಿಕದಲ್ಲಿ ಹುಡುಗರು ಬರೀ ಯುಎಸ್‌ಬಿ ಕೇಬಲ್‌ನ ತುದಿ ಸಿಕ್ಕಿಸಿ ಕದ್ದೊಯ್ಯುತ್ತಿದ್ದುದು 2022ರ ಸುಮಾರಿಗೆ ಅಲ್ಲಿ ದೊಡ್ಡ ಸುದ್ದಿಯಾಯಿತು. ಆದ್ದರಿಂದ ಚಿಪ್ ಬೇಡ, ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವ ಮಾತು ನಿಲ್ಲುವುದಿಲ್ಲ.

ಬಾಗಿಲಿನ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಇಲ್ಲಿ ಸರಿಯಾದ ತಿಳಿವಳಿಕೆಯಿಂದಲೇ ಅರ್ಧ ಕಷ್ಟ ತಪ್ಪುತ್ತದೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಸ್ಮಾರ್ಟ್ ಕೀ ಕೆಲಸ ಮಾಡದಿದ್ದರೆ ಎಷ್ಟೋ ಸಲ ಅದರೊಳಗಿನ ಬಿಲ್ಲೆಯಂಥ ಸೆಲ್ ಸತ್ತಿರುತ್ತದೆ, ಅಷ್ಟೇ. ಸಾಮಾನ್ಯವಾಗಿ ಆ ಕೀಯ ಹೊಟ್ಟೆಯಲ್ಲೇ ಒಂದು ಲೋಹದ ಕೀ ಅಡಗಿರುತ್ತದೆ, ಚಾಲಕನ ಬಾಗಿಲಿನಲ್ಲಿ, ಕೆಲವು ಕಾರುಗಳಲ್ಲಿ ಹಿಡಿಯ ಮುಚ್ಚಳದ ಹಿಂದೆ, ಅದಕ್ಕೆ ತೂತು ಇರುತ್ತದೆ. ಒಳಗೆ ಹೋಗಿ ಸತ್ತ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದರೆ ಬಹುಪಾಲು ಕಾರುಗಳು ಸ್ಟಾರ್ಟ್ ಆಗುತ್ತವೆ. ಕೀ ಒಳಗೇ ಉಳಿದು ಬಾಗಿಲು ಹಾಕಿಕೊಂಡಿದ್ದರೆ, ಫೋನಿಗೆ ಜೋಡಣೆಯಿರುವ ಹೊಸ ಕಾರುಗಳ ಬಾಗಿಲನ್ನು ಕಂಪನಿಯ ಆ್ಯಪ್‌ನಿಂದ ತೆರೆಯಬಹುದು. ಇವೆಲ್ಲ ಇಲ್ಲದಾಗ ಗಾಜಿನ ರಬ್ಬರ್ ಬೀಡಿಂಗ್ ಸಂದಿಯಲ್ಲಿ ಸ್ಟೀಲ್ ಸ್ಕೇಲ್ ತೂರಿಸಿ ಲಾಕ್ ಎಬ್ಬಿಸುವ ಹಳೆಯ ಉಪಾಯಕ್ಕೆ ಜನ ಇಂದಿಗೂ ಕೈಹಾಕುತ್ತಾರೆ. ಈಗಿನ ಬಾಗಿಲುಗಳ ಒಳಗೆ ಪವರ್ ವಿಂಡೋ ತಂತಿಗಳಿರುತ್ತವೆ, ಏರ್‌ಬ್ಯಾಗ್‌ಗೆ ಸುದ್ದಿ ಮುಟ್ಟಿಸುವ ಸೆನ್ಸರ್‌ಗಳೂ ಇರಬಹುದು. ಸ್ಕೇಲ್ ತಾಗಿ ಅವು ಕೆಟ್ಟರೆ ಕೀಗಿಂತ ದೊಡ್ಡ ಖರ್ಚು ಬೆನ್ನಿಗೆ ಬೀಳುತ್ತದೆ. ಅನುಭವಿ ಕೀ ಮಾಡುವವನನ್ನೋ ಕಂಪನಿಯ ರಸ್ತೆ ನೆರವಿನವರನ್ನೋ ಕಾಯುವುದೇ ಲೇಸು.

ಒಂದು ಸಂದರ್ಭದಲ್ಲಿ ಮಾತ್ರ ಕಾಯಬಾರದು: ಒಳಗೆ ಮಗು ಸಿಕ್ಕಿಕೊಂಡಿದ್ದಾಗ. 2005ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಳತೆಗಳ ಪ್ರಕಾರ ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಒಳಬಿಸಿ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ತುಸು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ಕೋಲಾರದ ಏಪ್ರಿಲ್ ಬಿಸಿಲಿಗೆ ಇದನ್ನು ಕೂಡಿಸಿ ನೋಡಿ. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿಯ ದ್ವಾರಪೂಡಿಯಲ್ಲಿ ಆಟವಾಡುತ್ತ ಕಾರು ಹೊಕ್ಕು ಹೊರಬರಲಾಗದೆ ನಾಲ್ಕು ಮಕ್ಕಳು ಸತ್ತರು. ಇಂಥ ಹೊತ್ತಿನಲ್ಲಿ ಒಬ್ಬರು 112ಕ್ಕೆ ಕರೆ ಮಾಡುತ್ತಿದ್ದರೆ ಇನ್ನೊಬ್ಬರು ಮಗುವಿಗೆ ಆದಷ್ಟು ದೂರದ ಪಕ್ಕದ ಗಾಜನ್ನು ಒಡೆಯಬೇಕು. ಮುಂದಿನ ದೊಡ್ಡ ಗಾಜಿನಲ್ಲಿ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅದು ಬಿರುಕು ಬಿಟ್ಟರೂ ಜಾಗ ಬಿಡುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರದ್ದು, ಮೂಲೆಗೆ ಚೂಪಾದ ವಸ್ತುವಿನಿಂದ ಹೊಡೆದರೆ ಕಾಳುಕಾಳಾಗಿ ಉದುರುತ್ತದೆ. ಬೇರೆಯವರ ಕಾರು ಒಡೆದರೆ ಕೇಸು ಬೀಳುತ್ತದೆಂಬ ಅಂಜಿಕೆ ಬೇಡ. ಕೆಟ್ಟ ಉದ್ದೇಶವಿಲ್ಲದೆ, ದೊಡ್ಡ ಹಾನಿ ತಪ್ಪಿಸಲು ಮಾಡಿದ ಸಣ್ಣ ಹಾನಿ ಅಪರಾಧವಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಂ ಹೇಳುತ್ತದೆ.

ಈಗ ಎಂಜಿನ್‌ಗೆ ಬರೋಣ. ಒಂದು ಕೀ ಉಳಿದಿದ್ದರೆ ಅದರ ಸಹಾಯದಿಂದ ಇನ್ನೊಂದನ್ನು ಸೇರಿಸುವುದು ಸುಲಭದ ಕೆಲಸ. ಇರುವ ಕೀಗಳೆಲ್ಲ ಹೋದರೆ ಕಥೆ ಬೇರೆ. ಆರ್‌ಸಿ, ಗುರುತಿನ ಚೀಟಿ, ಎಷ್ಟೋ ಕಡೆ ಪೊಲೀಸರಿಗೆ ದೂರು ಕೊಟ್ಟ ದಾಖಲೆಯನ್ನೂ ಹಿಡಿದು ಶೋರೂಮ್‌ಗೆ ಹೋಗಬೇಕು. ಷಾಸಿ ನಂಬರ್ ನೋಡಿ ಅವರು ಕೀಯನ್ನು ಕಂಪನಿಯಿಂದ ತರಿಸಬೇಕು, ಬಂದ ಮೇಲೆ ಗಾಡಿಯ ಕಂಪ್ಯೂಟರ್‌ಗೆ ಅದರ ಪರಿಚಯ ಮಾಡಿಸಬೇಕು. ಕೆಲವು ಮಾದರಿಗಳಲ್ಲಿ ಆ ಘಟಕವನ್ನೇ ಬದಲಿಸಬೇಕಾಗುತ್ತದೆ. ಬೀಗದ ವಿದ್ಯೆ ಬಲ್ಲ ಕೋಲಾರದ ಕೀ ಮಾಡುವವನು ಹಲ್ಲು ಕೊರೆದು ಕೊಡಬಲ್ಲ, ಆದರೆ ಪರಿಚಯ ಮಾಡಿಸುವ ಉಪಕರಣವಾಗಲಿ ಸಂಕೇತವಾಗಲಿ ನೇರ ದಾರಿಯಲ್ಲಿ ಅವನಿಗೆ ಸಿಗುವುದಿಲ್ಲ. ಇದು ತಂತ್ರಜ್ಞಾನ ಹೇರಿದ ಅನಿವಾರ್ಯವಲ್ಲ, ವ್ಯಾಪಾರದ ತೀರ್ಮಾನ. ಹಾಗೆಂದು ಹೇಳಲು ಆಧಾರವಿದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿ ಪೇಟೆಯನ್ನು ಕಟ್ಟಿಹಾಕಿದ್ದಾರೆ ಎಂಬುದು ಆಯೋಗದ ತೀರ್ಪು. ಮೇಲ್ಮನವಿಗಳಲ್ಲಿ ದಂಡದ ಮೊತ್ತ ಇಳಿಯಿತು, ವ್ಯಾಜ್ಯ ಎಳೆಯಿತು. ಆದರೆ ಕೊಂಡವನ ಕೈ ಕಟ್ಟಲಾಗಿದೆ ಎಂದು ದೇಶದ ಒಂದು ಶಾಸನಬದ್ಧ ಸಂಸ್ಥೆ ಸಾಕ್ಷ್ಯ ನೋಡಿ ಹೇಳಿದ ಮಾತು ಹಾಗೇ ಉಳಿದಿದೆ. ಕೀಯಲ್ಲಿ ಆ ಕಟ್ಟು ಇನ್ನೂ ಬಿಗಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದೇ: ಈ ಗುಟ್ಟನ್ನು ಊರೂರಿಗೆ ಹಂಚಿದರೆ ಕಳ್ಳರಿಗೆ ಹಬ್ಬವಲ್ಲವೇ? ಗುಟ್ಟು ಕಾಯ್ದಿಟ್ಟದ್ದರಿಂದಲೇ ಕಾರು ಕ್ಷೇಮವಾಗಿದೆ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಆ ನಂಬಿಕೆಯನ್ನು ಪರೀಕ್ಷಿಸಬೇಕು. ಹಲವು ಕಂಪನಿಗಳ ಕಾರುಗಳಲ್ಲಿದ್ದ ಮೆಗಾಮೋಸ್ ಎಂಬ ಚಿಪ್‌ನ ದೌರ್ಬಲ್ಯವನ್ನು ಯುರೋಪಿನ ಮೂವರು ಸಂಶೋಧಕರು ಕಂಡುಹಿಡಿದಾಗ ಫೋಕ್ಸ್‌ವ್ಯಾಗನ್ ಕಂಪನಿ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯದಿಂದ ಪ್ರಕಟಣೆಗೆ ತಡೆ ತಂದಿತು. ಪ್ರಬಂಧ ಬೆಳಕು ಕಂಡದ್ದು 2015ರಲ್ಲಿ. ಅಷ್ಟು ಕಾಲವೂ ಆ ಚಿಪ್ ದುರ್ಬಲವಾಗಿಯೇ ಇತ್ತು, ತಿಳಿಯದೆ ಇದ್ದವರು ಮಾಲೀಕರು ಮಾತ್ರ. ನಮ್ಮಲ್ಲೂ ಡ್ಯಾಶ್‌ಬೋರ್ಡ್ ಕೆಳಗಿನ ಪೋರ್ಟ್‌ಗೆ ಉಪಕರಣ ಸಿಕ್ಕಿಸಿ ಕೆಲವೇ ನಿಮಿಷದಲ್ಲಿ ಹೊಸ ಕೀ ಸೃಷ್ಟಿಸಿಕೊಳ್ಳುವ ತಂಡಗಳನ್ನು ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಕಳ್ಳನ ಕೈಗೆ ಆಗಲೇ ಸಿಕ್ಕಿರುವುದನ್ನು ಊರಿನ ಮೆಕ್ಯಾನಿಕ್‌ಗೆ ಕೊಡದಿರುವುದು, ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಎಲ್ಲರಿಗೂ ಹಂಚಿ ಎಂದೂ ಯಾರೂ ಕೇಳುತ್ತಿಲ್ಲ. ಅಮೆರಿಕದಲ್ಲಿ ಕಂಪನಿಗಳೂ ರಿಪೇರಿಯವರೂ ಸೇರಿರುವ ಎನ್‌ಎಎಸ್‌ಟಿಎಫ್ ಎಂಬ ಸಂಸ್ಥೆ ಬೀಗದ ಕೆಲಸದವರ ಹಿನ್ನೆಲೆ ಪರಿಶೀಲಿಸಿ ನೋಂದಾಯಿಸುತ್ತದೆ. ನೋಂದಾಯಿತರು ಗಾಡಿ ತಂದವನ ಒಡೆತನದ ದಾಖಲೆ ನೋಡಿ ಬರೆದಿಟ್ಟುಕೊಂಡು, ಆಯಾ ಗಾಡಿಯ ಕೀ ಸಂಕೇತ ಪಡೆಯುತ್ತಾರೆ. ಪ್ರತಿಯೊಂದು ಕೋರಿಕೆಯೂ ಯಾರ ಹೆಸರಿನಲ್ಲಿ ಬಂತೆಂದು ದಾಖಲಾಗುತ್ತದೆ. ಯುರೋಪಿನಲ್ಲೂ ಸೆರ್ಮಿ ಹೆಸರಿನ ಇಂಥದೇ ಏರ್ಪಾಡಿದೆ. ಅಡ್ಡದಾರಿಯ ಉಪಕರಣ ಕೊಳ್ಳುವ ಕಳ್ಳ ಹೀಗೆ ಸಹಿ ಹಾಕಿ ಕೇಳುವುದಿಲ್ಲ.

ಗಾಡಿ ಕೊಡುವಾಗಲೇ ಎರಡು ಕೀ ಕೊಟ್ಟಿರುತ್ತಾರಲ್ಲ, ಜೋಪಾನ ಮಾಡದವನ ತಪ್ಪಿಗೆ ವ್ಯವಸ್ಥೆ ಏಕೆ ಬದಲಾಗಬೇಕು ಎಂದೂ ಕೇಳಬಹುದು. ಮೊದಲ ಮಾಲೀಕನಿಗೆ ಈ ಮಾತು ಒಪ್ಪುತ್ತದೆ. ಆದರೆ ಮುಳಬಾಗಿಲು, ಮಾಲೂರಿನಂಥ ಊರುಗಳಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಯೇ ಎಷ್ಟೋ ಕುಟುಂಬಗಳ ಮೊದಲ ಗಾಡಿ, ಮತ್ತು ಅದರ ಜತೆ ಅನೇಕ ಸಲ ಒಂದೇ ಕೀ ಬರುತ್ತದೆ. ಕೊಳ್ಳುವವನು ಟೈರು ಒದ್ದು ನೋಡುತ್ತಾನೆ, ಎಂಜಿನ್ ಸದ್ದು ಕೇಳುತ್ತಾನೆ, ಎರಡನೇ ಕೀ ಎಲ್ಲಿ ಎಂದು ಕೇಳುವುದಿಲ್ಲ. ಕೇಳಬೇಕು. ಕೀ ಜತೆ ಹಲವು ಕಂಪನಿಗಳು ಕೊಡುವ ನಂಬರ್ ಕೊರೆದ ಸಣ್ಣ ಬಿಲ್ಲೆಯನ್ನೂ ಕೇಳಿ ಪಡೆಯಬೇಕು, ಅದು ಹೊಸ ಕೀ ಕೊರೆಯಲು ಆಧಾರ. ಗಾಡಿಯೇ ಕಳುವಾದ ದಿನ ವಿಮಾ ಕಂಪನಿಯವರು ಸಾಮಾನ್ಯವಾಗಿ ಮೊದಲು ಕೇಳುವುದು ಎರಡೂ ಕೀಗಳನ್ನು. ಕೀಯನ್ನು ಗಾಡಿಯಲ್ಲೇ ಬಿಟ್ಟು ಇಳಿದಾಗ ಕಳುವಾದ ಲಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಮಾಲೀಕನಿಗೆ ಕೊಡಿಸಿದ್ದು ವಿಮಾ ಮೊತ್ತದ ಶೇ 75ರಷ್ಟನ್ನು; ಅದಕ್ಕಾಗಿ ಆತ ದೆಹಲಿಯವರೆಗೆ ಅಲೆಯಬೇಕಾಯಿತು. ಆದ್ದರಿಂದ ಕೀ ಕಳೆದ ದಿನವೇ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ದಾಖಲಿಸಿ ರಸೀದಿ ಇಟ್ಟುಕೊಳ್ಳುವುದು, ಹೊಸ ಕೀ ಮಾಡಿಸುವಾಗ ಕಳೆದದ್ದರ ಗುರುತನ್ನು ಗಾಡಿಯ ನೆನಪಿನಿಂದ ಅಳಿಸಿಸುವುದು, ಎರಡೂ ಅಗತ್ಯ. ಬಿದ್ದ ಕೀ ಯಾರ ಕೈಗೆ ಸಿಕ್ಕಿದೆಯೋ ತಿಳಿಯದು. ಕೀ ಬದಲಾವಣೆಯ ಖರ್ಚಿಗೆ ಕೆಲವು ವಿಮೆಗಳಲ್ಲಿ ತುಸು ಹೆಚ್ಚು ಪ್ರೀಮಿಯಂ ಕೊಟ್ಟರೆ ರಕ್ಷಣೆ ಸಿಗುತ್ತದೆ. ಆದರೆ ವಿಮೆ ದುಡ್ಡು ಕೊಡಬಲ್ಲದು, ಹರಾಜಿನ ಹೊತ್ತನ್ನು ಮರಳಿ ಕೊಡಲಾರದು.

ಇಷ್ಟೆಲ್ಲ ಪರಿಶೀಲನೆಯ ವ್ಯವಸ್ಥೆ ನಮ್ಮ ತಾಲ್ಲೂಕು ಮಟ್ಟದಲ್ಲಿ ಸಾಧ್ಯವೇ ಎಂಬ ಅನುಮಾನಕ್ಕೆ ರಸ್ತೆಯ ಮೇಲೆಯೇ ಉತ್ತರವಿದೆ. 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಫಲಕ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿತು. ಆನ್‌ಲೈನ್‌ನಲ್ಲಿ ಷಾಸಿ ನಂಬರ್, ಎಂಜಿನ್ ನಂಬರ್ ಹೊಂದಾಣಿಕೆಯಾದರೆ ಮಾತ್ರ ಮುಂದಿನ ಹೆಜ್ಜೆ, ಅಧಿಕೃತ ಕೇಂದ್ರದಲ್ಲೇ ಜೋಡಣೆ, ಪ್ರತಿ ಫಲಕಕ್ಕೂ ಲೇಸರ್‌ನಿಂದ ಕೊರೆದ ಪ್ರತ್ಯೇಕ ಸಂಖ್ಯೆ. ಗಡುವುಗಳು ಮುಂದೆ ಹೋದವು, ಸರ್ವರ್‌ಗಳು ಸತಾಯಿಸಿದವು, ಆದರೂ ಲಕ್ಷಾಂತರ ಗಾಡಿಗಳ ಒಡೆತನವನ್ನು ಹಳ್ಳಿಯಲ್ಲಿ ಕೂತವರೂ ಫೋನಿನಲ್ಲೇ ಸಾಬೀತುಪಡಿಸಿದರು. ಅದೇ ದತ್ತಾಂಶ ಕೀಗೂ ಸಾಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ವಾಹನಗಳನ್ನೂ ಆಯ್ದ ಕ್ಷೇತ್ರಗಳಲ್ಲಿ ಸೇರಿಸಿತು, ಅದೇ ವರ್ಷದ ಡಿಸೆಂಬರ್ 24ರಂದು ಪೋರ್ಟಲ್ ಕೂಡ ತೆರೆಯಿತು. ಅದರಲ್ಲಿ ಕಂಪನಿಗಳು ಕೈಪಿಡಿ, ಬಿಡಿಭಾಗಗಳ ವಿವರ ಹಾಕುತ್ತಿವೆ, ಅದು ಸ್ವಯಂಪ್ರೇರಿತ. ಕೀ ಸಂಕೇತವನ್ನು ಈ ಹಕ್ಕಿನೊಳಗೆ ಸೇರಿಸಿ ಕಡ್ಡಾಯ ಮಾಡುವುದು, ಪೊಲೀಸ್ ಪರಿಶೀಲನೆ ಮುಗಿಸಿದ ಕೀ ಮಾಡುವವರನ್ನು ಕೋಲಾರದ ಕೆಎ-07 ಕಚೇರಿಯಂಥ ಆರ್‌ಟಿಒಗಳಲ್ಲಿ ನೋಂದಾಯಿಸುವುದು, ಐಟಿಐಗಳಲ್ಲಿ ಈ ಕೆಲಸಕ್ಕೊಂದು ತರಬೇತಿ ಇಡುವುದು, ಇವು ಮೂರೂ ಸರ್ಕಾರ ಮನಸ್ಸು ಮಾಡಿದರೆ ಆಗುವಂಥವು. ಆಗ ಮಂಡಿಯ ಹಾದಿಯಲ್ಲಿ ನಿಂತ ಪಿಕಪ್ ಬಳಿಗೆ ಕೋಲಾರದ ಕೀ ಮಾಡುವವನೇ ಉಪಕರಣದ ಪೆಟ್ಟಿಗೆ ಹಿಡಿದು ಬರುತ್ತಾನೆ, ಆರ್‌ಸಿ ನೋಡಿ ಸಹಿ ಹಾಕಿಸಿಕೊಂಡು ಗಾಡಿಯನ್ನು ಅದರ ಮಾಲೀಕನಿಗೆ ಬಿಟ್ಟುಕೊಡುತ್ತಾನೆ.