ಕೀ ಜೇಬಿನಲ್ಲಿದೆ, ಹಾಡು ಹೇಗೆ ಬರುತ್ತೆ?

ಕಿಕ್ಕೇರಮ್ಮನ ಜಾತ್ರೆಯ ಸಮಯ. ನಮ್ಮ ಬೀದಿಯಲ್ಲಿ ಒಂದು ಬಾಡಿಗೆ ಕಾರು ನಿಂತಿತ್ತು. ಎಂಜಿನ್ ಆಫ್ ಆಗಿತ್ತು. ಕೀ ಡ್ರೈವರಣ್ಣನ ಜೇಬಿನಲ್ಲಿತ್ತು. ಆದರೂ ಒಳಗೆ ಹಾಡು ನಡೆದೇ ಇತ್ತು. ಹುಡುಗರು ದೀಪ ಹಾಕಿಕೊಂಡು ಸರಿರಾತ್ರಿವರೆಗೂ ಕೇಳಿದರು.

ಬೆಳಗಿನ ಜಾವ ಪಕ್ಕದ ಮನೆ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. ಕೆ.ಆರ್. ಪೇಟೆ ಆಸ್ಪತ್ರೆಗೆ ಹೋಗಬೇಕು. ಕೀ ತಿರುಗಿಸಿದರೆ ಕಾರು 'ಟಕ್ ಟಕ್' ಅಂದಿತು, ಅಷ್ಟೆ. ನಾಲ್ಕು ಜನ ತಳ್ಳಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ಎದ್ದಿತು. ತಾಯಿ, ಮಗು ಚೆನ್ನಾಗಿದ್ದಾರೆ.

"ಕೀ ನನ್ ಜೇಬಲ್ಲೇ ಇತ್ತಲ್ಲ ಮೇಷ್ಟ್ರೆ, ಬ್ಯಾಟ್ರಿ ಹೆಂಗೆ ಖಾಲಿ ಆಯ್ತು?" ಎಂದು ಡ್ರೈವರಣ್ಣ ಕೇಳಿದ.

ನಮ್ಮೂರ ಕೆರೆ ನೆನೆಸಿಕೊಳ್ಳಿ. ಬ್ಯಾಟರಿಯೂ ಒಂದು ಕೆರೆ ಇದ್ದಂತೆ. ಎಂಜಿನ್ ಓಡುವಾಗ ಡೈನಮೋ ಅದನ್ನು ತುಂಬಿಸುತ್ತೆ. ಎಂಜಿನ್ ನಿಂತರೆ ಒಳಹರಿವು ಇಲ್ಲ, ಇದ್ದುದು ಖರ್ಚಾಗುತ್ತೆ. ಈ ಕೆರೆಗೆ ಎರಡು ಬಗೆಯ ತೂಬು. ಒಂದಕ್ಕೆ ಕೀ ಎಂಬ ನೀರಗಂಟಿ ಉಂಟು. ಕೀಯನ್ನು ಒಂದು ಹಂತ ತಿರುಗಿಸಿದರೆ 'ಎ.ಸಿ.ಸಿ.' ಎಂಬ ಗುರುತು ಬರುತ್ತೆ. ಅಲ್ಲಿ ರೇಡಿಯೋ, ಫೋನ್ ಚಾರ್ಜರಿನಂಥವಕ್ಕೆ ಮಾತ್ರ ಕರೆಂಟು. ಇನ್ನೂ ತಿರುಗಿಸಿದರೆ ಎಂಜಿನ್ನಿಗೂ ಕರೆಂಟು ಹೋಗುತ್ತೆ. ಈಗಿನ ಕೆಲವು ಕಾರುಗಳಲ್ಲಿ ಕೀ ಬದಲು ಗುಂಡಿ ಇರುತ್ತೆ. ಪೆಡಲ್ ತುಳಿಯದೆ ಒತ್ತಿದರೆ ಹಾಡು ಬರುತ್ತೆ, ಎಂಜಿನ್ ಏಳಲ್ಲ.

ಇನ್ನೊಂದು ತೂಬಿಗೆ ನೀರಗಂಟಿಯೇ ಇಲ್ಲ. ಅದರ ವೈರು ಫ್ಯೂಸ್ ದಾಟಿ ನೇರ ಬ್ಯಾಟರಿಗೇ ಹೋಗುತ್ತೆ. ಒಳಗಿನ ದೀಪ, ಗಡಿಯಾರ, ನಾಲ್ಕೂ ಮೂಲೆಯಲ್ಲಿ ಮಿನುಗುವ ಅಪಾಯದ ದೀಪ ಸಾಮಾನ್ಯವಾಗಿ ಹೀಗೇ. ಇದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ರಾತ್ರಿ ರಸ್ತೆಯಲ್ಲಿ ಕಾರು ಕೆಟ್ಟು ನಿಂತರೆ, ಹಿಂದಿನಿಂದ ಬರುವ ಕಬ್ಬಿನ ಲಾರಿಗೆ ಕಾಣಬೇಡವೇ?

ಹಾಗಾದರೆ ಹಾಡು? ಟೇಪಿನ ಹಿಂದೆ ಎರಡು ವೈರು ಇರುತ್ತವೆ. ಸಾಮಾನ್ಯವಾಗಿ ಹಳದಿಯದು ನೇರ ಬ್ಯಾಟರಿಗೆ. ಗಡಿಯಾರ, ಸ್ಟೇಷನ್ನಿನ ನೆನಪು ಉಳಿಯಲಿಕ್ಕೆ ಅದು ಬೇಕು. ಕೆಂಪು ವೈರು ಕೀ ಕಡೆಗೆ. ಟೇಪು ಕೂರಿಸಿದವನು ಎರಡನ್ನೂ ಸೇರಿಸಿ ಬ್ಯಾಟರಿಗೇ ಕಟ್ಟಿದ್ದ. ಕೀ ಇಲ್ಲದೆ ಹಾಡು ಬರಲಿ ಅಂತ ಗಿರಾಕಿಗಳೇ ಹೀಗೆ ಮಾಡಿಸುವುದೂ ಉಂಟು.

ಲೆಕ್ಕ ನೋಡಿ. ಸಣ್ಣ ಕಾರಿನ ಬ್ಯಾಟರಿಯ ಮೇಲೆ 35 ಎಂದು ಬರೆದಿರಬಹುದು. ಅಂದರೆ 1 ಆಂಪಿಯರ್‌ನಂತೆ 35 ಗಂಟೆ ಬರುತ್ತೆ. ಮುಂದಿನ ಎರಡು ದೊಡ್ಡ ದೀಪ ಮರೆತು ಬಿಟ್ಟರೆ ಸುಮಾರು 9 ಆಂಪಿಯರ್ ಎಳೆಯುತ್ತವೆ. ನಾಲ್ಕು ಗಂಟೆಗೆ ಖಾಲಿ! ಹಾಡು ನಿಧಾನ ತಿನ್ನುತ್ತೆ. ಆದರೆ ಎಂಜಿನ್ ಎಬ್ಬಿಸುವ ಮೋಟಾರಿಗೆ ಒಂದೇ ಏಟಿಗೆ 100 ಆಂಪಿಯರ್‌ಗೂ ಹೆಚ್ಚು ಬೇಕು. ಆದ್ದರಿಂದ ಹಾಡು ಬರುತ್ತಿದ್ದರೂ ಕಾರು ಏಳದಿರಬಹುದು.

ನಿಮ್ಮ ಗಾಡಿಯಲ್ಲಿ ಹೇಗಿದೆ? ಕೀ ತೆಗೆದು, ಚಾರ್ಜರ್ ಸಿಕ್ಕಿಸಿ, ಹಾಡು ಹಾಕಿ ನೋಡಿ. ಕೆಲವು ಕಾರುಗಳಲ್ಲಿ ಸ್ವಲ್ಪ ಹೊತ್ತು ನಡೆದು ತಾನೇ ನಿಲ್ಲುತ್ತೆ. ನಿಲ್ಲದಿದ್ದರೆ ವೈರಿಂಗ್ ಬಲ್ಲವರಿಗೆ ತೋರಿಸಿ. ನೀವೇ ಕೈ ಹಾಕಬೇಡಿ.

ಡ್ರೈವರಣ್ಣ ಕೆಂಪು ವೈರನ್ನು ಕೀ ಕಡೆಗೆ ಹಾಕಿಸಿದ. ಈಗ ಕೀ ತೆಗೆದರೆ ಹಾಡೂ ಬಂದ್. ಬೀದಿಯ ಹುಡುಗರಿಗೆ ಅವನ ಮೇಲೆ ಇನ್ನೂ ಸಿಟ್ಟು.