ವೈಮಾರ್ ಸಂವಿಧಾನ: ಸಂಸತ್ತಿಗೆ ಎದುರಾಗಿ ಅಧ್ಯಕ್ಷ

1918ರ ನವೆಂಬರ್ 9ರಂದು, ಮೊದಲ ಮಹಾಯುದ್ಧದಲ್ಲಿ ಸೋಲುತ್ತಿದ್ದ ಜರ್ಮನಿಯಲ್ಲಿ ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ನ ಆಳ್ವಿಕೆ ಮುಗಿದು ಗಣರಾಜ್ಯದ ಘೋಷಣೆಯಾಯಿತು. 1919ರ ಜನವರಿ 19ರಂದು ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. 20 ವರ್ಷ ತುಂಬಿದವರಿಗೆಲ್ಲ ಮತದ ಹಕ್ಕಿತ್ತು. ಮಹಿಳೆಯರು ದೇಶದ ಮಟ್ಟದಲ್ಲಿ ಮತ ಹಾಕಿದ್ದು ಅದೇ ಮೊದಲು. ರಾಜಧಾನಿ ಬರ್ಲಿನ್‌ನಲ್ಲಿ ಗಲಭೆ ಆರಿರಲಿಲ್ಲವಾದ್ದರಿಂದ ಸಭೆ ಫೆಬ್ರುವರಿ 6ರಂದು ವೈಮಾರ್ ಪಟ್ಟಣದ ರಂಗಮಂದಿರದಲ್ಲಿ ಸೇರಿತು. ಸಂವಿಧಾನಕ್ಕೆ ಆ ಊರಿನ ಹೆಸರೇ ನಿಂತಿತು.

ಕರಡನ್ನು ಸಿದ್ಧಪಡಿಸಿದವರು ಕಾನೂನು ಪಂಡಿತ ಹ್ಯೂಗೊ ಪ್ರಾಯ್ಸ್. ಜುಲೈ 31ರಂದು ಸಭೆ ಅದನ್ನು 262–75 ಮತಗಳಿಂದ ಒಪ್ಪಿತು. ಆಗಸ್ಟ್ 11ರಂದು ಅಧ್ಯಕ್ಷ ಫ್ರೆಡ್ರಿಕ್ ಎಬರ್ಟ್ ಸಹಿ ಹಾಕಿದರು. ಒಟ್ಟು 181 ವಿಧಿಗಳ ಈ ದಾಖಲೆ, ಅಧಿಕಾರದ ಮೂಲ ಜನರೇ ಎಂದು ಮೊದಲ ವಿಧಿಯಲ್ಲೇ ಸಾರಿತು. ವಾಕ್ ಸ್ವಾತಂತ್ರ್ಯ, ಸ್ತ್ರೀ-ಪುರುಷ ಸಮಾನತೆ, ಕಾರ್ಮಿಕರ ಸಂಘಟನೆಯ ಹಕ್ಕುಗಳೂ ಅದರಲ್ಲಿದ್ದವು.

ಕಾನೂನು ಮಾಡುವ ಹೊಣೆ ನಾಲ್ಕು ವರ್ಷಕ್ಕೊಮ್ಮೆ ಆಯ್ಕೆಯಾಗುವ ರೈಶ್‌ಟಾಗ್‌ನದು. ಪಕ್ಷ ಪಡೆದ ಮತಕ್ಕೆ ತಕ್ಕಷ್ಟು ಸ್ಥಾನ. 1920ರ ಚುನಾವಣಾ ಕಾಯ್ದೆಯಂತೆ 60,000 ಮತಕ್ಕೆ ಒಂದು. ಸಣ್ಣ ಪಕ್ಷಗಳೂ ಒಳಬಂದವು, ಯಾರಿಗೂ ಬಹುಮತ ಸಿಗಲಿಲ್ಲ, ಸಮ್ಮಿಶ್ರ ಸರ್ಕಾರಗಳೇ ವಾಡಿಕೆಯಾದವು. ರಾಜ್ಯಗಳ ಪ್ರತಿನಿಧಿಗಳಿಗೆ ರೈಶ್‌ರಾಟ್ ಎಂಬ ಇನ್ನೊಂದು ಸಭೆಯಿತ್ತು.

ಸಂಸತ್ತಿನ ಕೈಯೇ ಮೇಲಾಗದಿರಲೆಂದು ಏಳು ವರ್ಷದ ಅವಧಿಗೆ ಜನರೇ ನೇರವಾಗಿ ಆರಿಸುವ ಅಧ್ಯಕ್ಷರನ್ನು ಅದಕ್ಕೆ ಎದುರು ತೂಕವಾಗಿ ಇಡಲಾಯಿತು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಇದಕ್ಕಾಗಿ ಬಲವಾಗಿ ವಾದಿಸಿದ್ದರು. 53ನೇ ವಿಧಿಯಡಿ ಅಧ್ಯಕ್ಷರು ಸರ್ಕಾರದ ಮುಖ್ಯಸ್ಥರಾದ ಚಾನ್ಸೆಲರ್‌ರನ್ನು ನೇಮಿಸಬಹುದಿತ್ತು, 25ರಡಿ ರೈಶ್‌ಟಾಗನ್ನು ವಿಸರ್ಜಿಸಬಹುದಿತ್ತು, 48ರಡಿ ತುರ್ತು ಆಜ್ಞೆ ಹೊರಡಿಸಿ ಕೆಲವು ಮೂಲಭೂತ ಹಕ್ಕುಗಳನ್ನು ತಡೆಹಿಡಿಯಬಹುದಿತ್ತು. ಇದಕ್ಕೆ ಅಂಕುಶವೂ ಇತ್ತು: ಚಾನ್ಸೆಲರ್‌ಗೆ ರೈಶ್‌ಟಾಗ್‌ನ ವಿಶ್ವಾಸ ಬೇಕಿತ್ತು; ತುರ್ತು ಆಜ್ಞೆಯನ್ನು ರದ್ದು ಮಾಡಿಸುವ ಅಧಿಕಾರವೂ ಅದಕ್ಕಿತ್ತು.

ಎಬರ್ಟ್ 48ನೇ ವಿಧಿಯನ್ನು ನೂರಕ್ಕೂ ಹೆಚ್ಚು ಬಾರಿ ಬಳಸಿದರೂ ಅದು ಬಹುಪಾಲು ದಂಗೆಗಳಿಂದ, ಆರ್ಥಿಕ ಕುಸಿತದಿಂದ ಗಣರಾಜ್ಯವನ್ನು ಕಾಯುವುದಕ್ಕಾಗಿತ್ತು. 1925ರಲ್ಲಿ ಅಧ್ಯಕ್ಷರಾದ ಹಿಂಡನ್‌ಬರ್ಗ್ ಕಾಲದಲ್ಲಿ ಆ ಅಂಕುಶವೇ ಕಳಚಿತು. 1930ರ ಜುಲೈನಲ್ಲಿ ಚಾನ್ಸೆಲರ್ ಬ್ರೂನಿಂಗ್‌ರ ಹಣಕಾಸು ಯೋಜನೆಯನ್ನು ರೈಶ್‌ಟಾಗ್ ತಿರಸ್ಕರಿಸಿತು. ಅದನ್ನೇ ತುರ್ತು ಆಜ್ಞೆಯಾಗಿ ತರಲಾಯಿತು; ಸದನ ಆಜ್ಞೆಯನ್ನು ರದ್ದು ಮಾಡಿಸಿದಾಗ ಸದನವನ್ನೇ ವಿಸರ್ಜಿಸಲಾಯಿತು. ನಂತರದ ಚುನಾವಣೆಯಲ್ಲಿ ನಾಜಿಗಳ ಸ್ಥಾನ 12ರಿಂದ 107ಕ್ಕೆ ಏರಿತು. 1932ರಲ್ಲಿ ರೈಶ್‌ಟಾಗ್ ಮಾಡಿದ ಕಾನೂನುಗಳು ಐದೇ. ಉಳಿದ ಆಡಳಿತವೆಲ್ಲ ಆಜ್ಞೆಗಳ ಮೇಲೆ ನಡೆಯಿತು.

1933ರ ಜನವರಿ 30ರಂದು ಹಿಟ್ಲರ್ ಚಾನ್ಸೆಲರ್ ಆದ. ಫೆಬ್ರುವರಿ 28ರ ಆಜ್ಞೆ ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಟ್ಟಿತು. ಕಮ್ಯುನಿಸ್ಟ್ ಸದಸ್ಯರು ಸೆರೆಮನೆಯಲ್ಲೋ ತಲೆಮರೆಸಿಕೊಂಡೋ ಇದ್ದಾಗ, ಮಾರ್ಚ್ 23ರಂದು ರೈಶ್‌ಟಾಗ್ 444–94 ಮತಗಳಿಂದ ಕಾನೂನು ಮಾಡುವ ಅಧಿಕಾರವನ್ನು ಸರ್ಕಾರಕ್ಕೇ ಬಿಟ್ಟುಕೊಟ್ಟಿತು. ಸಂವಿಧಾನ ಮಾತ್ರ ಕಡತದಲ್ಲಿ ಹಾಗೆಯೇ ಉಳಿಯಿತು.

1949ರಲ್ಲಿ ಪಶ್ಚಿಮ ಜರ್ಮನಿಯ ಮೂಲ ಕಾನೂನು ಅಧ್ಯಕ್ಷರ ಅಧಿಕಾರವನ್ನು ಮೊಟಕುಗೊಳಿಸಿತು. ಬದಲಿ ಚಾನ್ಸೆಲರ್‌ರನ್ನು ಆರಿಸದೆ, ಹುದ್ದೆಯಲ್ಲಿದ್ದವರನ್ನು ಇಳಿಸುವಂತಿಲ್ಲವೆಂದಿತು. ಅದೇ ವರ್ಷ ಭಾರತದ ಸಂವಿಧಾನ ಸಭೆಯಲ್ಲಿ ತುರ್ತುಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ವೈಮಾರ್‌ನ ಉದಾಹರಣೆ ಕೊಟ್ಟು ಅವನ್ನು ವಿರೋಧಿಸಿದರು.