ಉಪ್ಪುಗಾಳಿಯ ದ್ವೀಪದಲ್ಲಿ ಬೀಡಿನ ಕಾವಲಿ

ಬೀಡಿನ ಕಾವಲಿಯಿಂದ ನೀರುದೋಸೆ ಸಲೀಸಾಗಿ ಏಳಬೇಕಾದರೆ ಅದರ ಮೈಮೇಲೆ ಎಣ್ಣೆಯ ಗಟ್ಟಿ ಪೊರೆ ಕಟ್ಟಿರಬೇಕು. ಬೀಡು ಎಂದರೆ ಶೇ. 2ಕ್ಕಿಂತ ಹೆಚ್ಚು ಇಂಗಾಲವಿರುವ, ಅಚ್ಚಿಗೆ ಎರೆದ ಕಬ್ಬಿಣ, ಕೈಯಾಡಿಸಿದರೆ ತರಿತರಿ. ಅದಕ್ಕೆ ತೆಳುವಾಗಿ ಸವರಿದ ಎಣ್ಣೆ ಚೆನ್ನಾಗಿ ಕಾದಾಗ ಗಾಳಿಯ ಆಮ್ಲಜನಕ ಸೇರಿ, ಎಣ್ಣೆಯ ಅಣುಗಳು ಹೆಣೆದುಕೊಂಡು ಕಪ್ಪು ಪೊರೆಯಾಗುತ್ತವೆ. ಕಾವಲಿ ಪಳಗುವುದು ಹೀಗೆ.

ಊರಿನಿಂದ ಬಹರೈನಿಗೆ ಹೊತ್ತೊಯ್ದ ಹೊಸ ಕಾವಲಿಯನ್ನು ಎರಡು ಮೂರು ದಿನ ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ತೆಂಗಿನ ನಾರಿನಿಂದ ಉಜ್ಜುವುದು ಹಳೆಯ ರೂಢಿ. ಆಮೇಲೆ ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಸವರಿದ್ದನ್ನೆಲ್ಲ ಒರೆಸಿ ತೆಗೆಯುವವರಂತೆ ಬಟ್ಟೆಯಿಂದ ಒರೆಸಬೇಕು. ಎಣ್ಣೆ ಹೆಚ್ಚಾದರೆ ಪೊರೆ ಅಂಟಂಟಾಗುತ್ತದೆ. ಫ್ಲ್ಯಾಟಿನ ಕುಕಿಂಗ್ ರೇಂಜಿನಲ್ಲಿ ಓವನ್ ಇದ್ದರೆ ಕಾವಲಿಯನ್ನು ಬೋರಲು ಹಾಕಿ, ಸುಮಾರು 230 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಒಳಗೇ ಆರಲು ಬಿಡಬೇಕು. ಮೂರು ನಾಲ್ಕು ಬಾರಿ ಹೀಗೆ ಮಾಡಿದರೆ ಬಣ್ಣ ಕಪ್ಪಾಗುತ್ತದೆ. ಹೊಗೆ ಬಂದೇ ಬರುತ್ತದೆ; ಎಕ್ಸಾಸ್ಟ್ ಫ್ಯಾನ್ ಹಾಕದಿದ್ದರೆ ಫೈರ್ ಅಲಾರಂ ಕೂಗಿ ಇಡೀ ಕಟ್ಟಡ ಕೆಳಗಿಳಿದೀತು. ಓವನ್ ಇಲ್ಲದವರಿಗೆ ಸಣ್ಣ ಉರಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿ ಸಾಕು; ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಕರಾವಳಿಯವರಿಗೆ ಇಲ್ಲೊಂದು ಕಹಿ ಸತ್ಯವಿದೆ. ಪಳಗಿಸುವ ಕೆಲಸಕ್ಕೆ ತೆಂಗಿನೆಣ್ಣೆ ಅಷ್ಟು ಒಳ್ಳೆಯದಲ್ಲ. ಅದರ ಸುಮಾರು ಶೇ. 90 ಭಾಗ ಸ್ಯಾಚುರೇಟೆಡ್ ಕೊಬ್ಬು. ಅಂಥ ಕೊಬ್ಬಿನ ಅಣುಗಳು ಸುಲಭವಾಗಿ ಹೆಣೆದುಕೊಳ್ಳುವುದಿಲ್ಲ. ಸೂರ್ಯಕಾಂತಿ ಅಥವಾ ಎಳ್ಳೆಣ್ಣೆ ಮೇಲು. ದಿನದ ದೋಸೆಗೆ ತೆಂಗಿನೆಣ್ಣೆ ಹಾಕಲು ಯಾರ ಅಡ್ಡಿಯೂ ಇಲ್ಲ.

ಬಹರೈನಿಗರ ತೆಳು ರೊಟ್ಟಿ ಖುಬ್ಜ್ ರಗಾಗ್ ಬೇಯುವುದೂ ಕಾದ ಕಬ್ಬಿಣದ ದುಂಡು ಹಂಚಿನ ಮೇಲೆಯೇ. ದಿನವೂ ಒಲೆಯ ಮೇಲೇ ಇರುವ ಹಂಚಿಗೆ ತುಕ್ಕಿನ ಭಯ ಕಡಿಮೆ. ವಾರಕ್ಕೊಮ್ಮೆ ಒಲೆಗೇರುವ ಮನೆಯ ಕಾವಲಿಯದು ಬೇರೆ ಕತೆ. ಸುತ್ತ ಕಡಲಿರುವ ಈ ದ್ವೀಪದಲ್ಲಿ ಬೇಸಿಗೆಯ ಗಾಳಿ ಬಿಸಿಯೂ ಹೌದು, ತೇವವೂ ಹೌದು. ಎಸಿಯಿಂದ ತಣ್ಣಗಾದ ಅಡುಗೆಮನೆಯಲ್ಲಿ ಕಿಟಕಿ ತೆರೆದರೆ ಹೊರಗಿನ ತೇವ ತಣ್ಣನೆಯ ಕಬ್ಬಿಣದ ಮೇಲೆ ಬೆವರಿನಂತೆ ಕೂರುತ್ತದೆ. ಅದಕ್ಕೆ ಉಪ್ಪಿನಂಶ ಸೇರಿದರೆ ತುಕ್ಕು ಇನ್ನಷ್ಟು ಬೇಗ ಹಿಡಿಯುತ್ತದೆ.

ಹಾಗಾಗಿ ತೊಳೆದ ಕಾವಲಿಯನ್ನು ಬಟ್ಟೆಯಿಂದ ಒರೆಸಿದರಷ್ಟೇ ಸಾಲದು. ಒಂದೆರಡು ನಿಮಿಷ ಉರಿಯ ಮೇಲಿಟ್ಟು, ಬಿಸಿ ಇರುವಾಗಲೇ ಒಂದು ಹನಿ ಎಣ್ಣೆ ಸವರಬೇಕು. ಸಿಂಕಿನಲ್ಲಿ ನೆನೆಸಿಡಬಾರದು. ಸೋಪು ಮುಟ್ಟಿಸಲೇಬಾರದು ಎಂಬ ಮಾತು ಕಟು ಕ್ಷಾರದ ಸಾಬೂನಿಗೆ ಸರಿ, ಈಗಿನ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ತೊಟ್ಟು ಪಳಗಿದ ಪೊರೆಯನ್ನು ಕೀಳದು. ಹುಣಸೆಹುಳಿ ಕೀಳುತ್ತದೆ, ಮೀನಿನ ಗಸಿಯನ್ನು ಬೀಡಿನ ಬಾಣಲೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಲೋಹದ ರುಚಿ ಖಚಿತ. ಕಾದ ಕಾವಲಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ಜುಲೈ–ಆಗಸ್ಟ್ ರಜೆಗೆ ಮನೆಮಂದಿಯೆಲ್ಲ ಊರಿಗೆ ಹೊರಟಾಗ ಎಸಿ ಆಫ್ ಆಗಿ ಮನೆ ಮುಚ್ಚಿರುತ್ತದೆ. ಕಾವಲಿಗೆ ಅದೇ ಕಷ್ಟಕಾಲ. ಹೊರಡುವ ಮುನ್ನ ಕಾಯಿಸಿ, ತೆಳುವಾಗಿ ಎಣ್ಣೆ ಸವರಿ, ನ್ಯೂಸ್‌ಪೇಪರಿನಲ್ಲಿ ಸುತ್ತಿ, ಸಿಂಕಿನ ಕೆಳಗಲ್ಲದೆ ಮೇಲಿನ ಕಪಾಟಿನಲ್ಲಿಡುವುದು ಕ್ಷೇಮ. ಆದರೂ ಕೆಂಪು ತುಕ್ಕು ಹಿಡಿದಿದ್ದರೆ ಎಸೆಯಬೇಕಿಲ್ಲ: ಕಲ್ಲುಪ್ಪು, ನಾರು ಅಥವಾ ಸ್ಟೀಲ್ ಉಲ್‌ನಿಂದ ಉಜ್ಜಿ, ಒಣಗಿಸಿ, ಹೊಸದರಂತೆ ಮತ್ತೆ ಪಳಗಿಸಿದರಾಯಿತು.